ಹಾಸ್ಟಾ ಬೀಜ: ಚಿತ್ರ ನೋಡಿ ಕೊಳ್ಳಬೇಡಿ, ತಾಯಿಗಿಡ ಕೇಳಿ ಕೊಳ್ಳಿ

ಬಿಸಿಲು ಬೀಳುವ ಜಾಗವನ್ನೆಲ್ಲ ಬದನೆ, ಟೊಮೆಟೊ, ಮೆಂತ್ಯಗಳಿಗೆ ಬಿಟ್ಟುಕೊಟ್ಟ ಮೇಲೆ ಮೇಪಲ್ ಮರದ ಬುಡದಲ್ಲೂ ಗ್ಯಾರೇಜಿನ ಹಿಂಬದಿಯಲ್ಲೂ ಉಳಿಯುವ ನೆರಳಿನ ಪಟ್ಟಿಗೆ ಏನು ಗತಿ ಎಂಬ ಪ್ರಶ್ನೆ ಅಮೆರಿಕದಲ್ಲಿ ನೆಲೆಸಿರುವ ನಮ್ಮ ಸದಸ್ಯರ ಮನೆಗಳಲ್ಲಿ ವರ್ಷವರ್ಷವೂ ಏಳುತ್ತದೆ. ಹಾಸ್ಟಾ ಅದಕ್ಕೆ ಸುಲಭವಾದ ಉತ್ತರ. ಚಳಿಗಾಲದಲ್ಲಿ ನೆಲದೊಳಗೆ ಮಲಗಿ, ವಸಂತದಲ್ಲಿ ತಾನಾಗಿ ಎದ್ದುಬರುವ ಈ ಎಲೆಚೆಲುವೆಗೆ ನೆರಳೇ ಇಷ್ಟ. ಆದರೆ ಹೆಸರುವಾಸಿ ತಳಿಯ ಒಂದೊಂದು ಕುಂಡಕ್ಕೂ ನರ್ಸರಿಯಲ್ಲಿ ಇಪ್ಪತ್ತು ಮೂವತ್ತು ಡಾಲರು ತೆರಬೇಕಾದೀತು. ಇಡೀ ಅಂಗಳ ತುಂಬಿಸಬೇಕೆನ್ನುವವರು ಸಹಜವಾಗಿಯೇ ಬೀಜದತ್ತ ತಿರುಗುತ್ತಾರೆ. ಮೋಸದ ಬಾಗಿಲು ತೆರೆಯುವುದು ಅಲ್ಲಿಯೇ.

ಅಂತರ್ಜಾಲದ ಅಗ್ಗದ ಮಾರುಕಟ್ಟೆಗಳಲ್ಲಿ ನವಿಲಿನ ಕೊರಳಿನಂಥ ಕಡುನೀಲಿ ಎಲೆಯ, ಕಾಮನಬಿಲ್ಲಿನ ಪಟ್ಟೆಗಳ ಹಾಸ್ಟಾ ಬೀಜವೆಂದು ನೂರು ಕಾಳಿನ ಪೊಟ್ಟಣ ಎರಡು ಮೂರು ಡಾಲರಿಗೆ ದೊರೆಯುತ್ತದೆ. ಅಂಥ ಗಿಡ ಭೂಮಿಯ ಮೇಲಿಲ್ಲ. ಹಾಸ್ಟಾದ ನೀಲಿ ಎಂಬುದು ಹಸಿರೆಲೆಯ ಮೇಲೆ ಕುಳಿತ ಮೇಣದ ತೆಳುಪದರ. ಬೆರಳಿನಿಂದ ಉಜ್ಜಿದರೆ ಅಳಿಸಿಹೋಗುತ್ತದೆ. ಅಂಥ ಪೊಟ್ಟಣದೊಳಗೆ ಇರುವುದು ಯಾವ ಸಸ್ಯದ ಬೀಜವೆಂಬುದಕ್ಕೂ ಖಾತರಿಯಿಲ್ಲ. 2020ರ ಬೇಸಿಗೆಯಲ್ಲಿ, ಕೇಳದೆಯೇ ಅಂಚೆಯಲ್ಲಿ ಬಂದಿಳಿದ ಬೀಜದ ಪೊಟ್ಟಣಗಳನ್ನು ಬಿತ್ತಲೂಬೇಡಿ, ಕಸಕ್ಕೂ ಎಸೆಯಬೇಡಿ ಎಂದು ಅಮೆರಿಕದ ಕೃಷಿ ಇಲಾಖೆ ಮನೆಮನೆಗೂ ಎಚ್ಚರಿಸಬೇಕಾಗಿ ಬಂದದ್ದು ಅನೇಕರಿಗೆ ನೆನಪಿರಬಹುದು. ಕೇಳದೆ ಬಂದ ಬೀಜಕ್ಕೆ ಹೆದರಿದ ನಾವು ಹಣ ಕೊಟ್ಟು ತರಿಸಿದ ಬೀಜಕ್ಕೆ ಹೆದರುವುದಿಲ್ಲ, ಅಷ್ಟೇ.

ಇನ್ನು, ಪ್ರಾಮಾಣಿಕ ಮಾರಾಟಗಾರನೂ ಕೊಡಲಾಗದ ವಸ್ತುವೊಂದಿದೆ. ಹೆಸರಿಟ್ಟ ತಳಿಯನ್ನು ಆತ ಬೀಜದ ರೂಪದಲ್ಲಿ ಕೊಡಲಾರ. ಊರಿನಲ್ಲಿ ಬಾದಾಮಿ ಮಾವಿನ ಓಟೆ ನೆಟ್ಟರೆ ಬಾದಾಮಿಯೇ ಬರುವುದಿಲ್ಲವೆಂದು ತಿಳಿದವರು ಕಸಿ ಕಟ್ಟಿಸುತ್ತಿದ್ದರು. ಹಾಸ್ಟಾದ ಕಥೆಯೂ ಅದೇ. ‘ಜೂನ್’, ‘ಹ್ಯಾಲ್ಸಿಯನ್’ ಮುಂತಾದ ತಳಿಗಳನ್ನು ಬುಡ ಸೀಳಿ ಅಥವಾ ಅಂಗಾಂಶ ಕೃಷಿಯಿಂದ ಮಾತ್ರ ಯಥಾವತ್ತಾಗಿ ಹೆಚ್ಚಿಸಬಹುದು. ಎಲೆಯಂಚಿನ ಬಿಳಿ ಪಟ್ಟಿಯಂತೂ ಬೀಜಕ್ಕೆ ಇಳಿಯುವುದೇ ಇಲ್ಲವೆನ್ನಬೇಕು. ಎಲೆಯುದ್ದಕ್ಕೂ ಬಣ್ಣದ ಗೀರುಗಳು ಚೆದುರಿದ ಗಿಡ ತಾಯಿಯಾದರೆ ಮಾತ್ರ ಕೆಲವು ಸಸಿಗಳಿಗೆ ಆ ಗೀರು ಬಂದೀತು. ನಮ್ಮ ದೇಹದ ಮೈಟೋಕಾಂಡ್ರಿಯಾ ತಾಯಿಯಿಂದಲೇ ಬರುವಂತೆ, ಹಾಸ್ಟಾದ ಹಸಿರುಕಣಗಳೂ ತಾಯಿಗಿಡದ ಕಡೆಯಿಂದಲೇ ಬರುವುದು ಇದಕ್ಕೆ ಕಾರಣ. ಅದರಲ್ಲಿಯೂ ಪೂರ್ತಿ ಬಿಳಿಯಾಗಿ ಹುಟ್ಟಿದ ಸಸಿಗಳು ಆಹಾರ ತಯಾರಿಸಲಾರದೆ ಸಾಯುತ್ತವೆ. ಇದ್ದುದರಲ್ಲಿ ಹಾಸ್ಟಾ ವೆಂಟ್ರಿಕೋಸಾ ಎಂಬ ನೇರಳೆ ಹೂವಿನ ಜಾತಿ ಒಂದು ಅಪವಾದ. ಅದು ಪರಾಗದ ವಂಶವಾಹಿಯನ್ನು ಬೆರೆಸಿಕೊಳ್ಳದೆ ಬೀಜ ಕಟ್ಟುವುದರಿಂದ ಸಸಿಗಳು ತಾಯಿಯನ್ನೇ ಹೋಲುತ್ತವೆ. ಮೊದಲ ಬಾರಿಗೆ ಬಿತ್ತುವವರು ಇದರಿಂದ ಆರಂಭಿಸುವುದು ಲೇಸೆಂಬುದು ನಮ್ಮ ಅಭಿಪ್ರಾಯ.

ವೈದ್ಯರಾದ ನಮಗೆ ಈ ಗಿಡದ ಮೇಲೆ ತುಸು ಪಕ್ಷಪಾತವಿದೆಯೆಂದು ಒಪ್ಪಿಕೊಳ್ಳಬೇಕು. ಹಾಸ್ಟಾ ಎಂಬ ಹೆಸರು ಬಂದದ್ದೇ ಆಸ್ಟ್ರಿಯಾದ ಚಕ್ರವರ್ತಿಯ ವೈದ್ಯನಾಗಿದ್ದ ನಿಕೋಲಸ್ ಥಾಮಸ್ ಹೋಸ್ಟ್ ಎಂಬ ಸಸ್ಯಶಾಸ್ತ್ರಜ್ಞನಿಂದ, 1812ರಲ್ಲಿ. ಅದಕ್ಕೂ ಮುಂಚೆ ಜಪಾನಿನ ದೆಜಿಮಾ ದ್ವೀಪದಲ್ಲಿ ಡಚ್ ಕಂಪನಿಯ ವೈದ್ಯನಾಗಿ ಇದನ್ನು ಕಂಡು ಚಿತ್ರಿಸಿದವನು ಜರ್ಮನಿಯ ಕೆಂಪ್ಫರ್. ಅದೇ ಕೆಲಸಕ್ಕೆ ಹೋಗಿ 1775ರಲ್ಲಿ ಅಲ್ಲಿಳಿದ ಸ್ವೀಡನ್ನಿನ ಥುನ್‌ಬರ್ಗ್, 1823ರಲ್ಲಿ ಇಳಿದು ಕೊನೆಗೆ ಜೀವಂತ ಗಿಡಗಳನ್ನೇ ಯೂರೋಪಿಗೆ ಸಾಗಿಸಿದ ಸೀಬೋಲ್ಟ್ ಇಬ್ಬರೂ ವೈದ್ಯರೇ. ಕೈ ಬದಲಾದಾಗಲೆಲ್ಲ ಗಿಡದೊಡನೆ ಹೆಸರು, ಊರು, ಬರಹ ಸಾಗಿಬಂದುದರಿಂದಲೇ ಇಂದು ನಮಗೆ ಇಷ್ಟು ತಿಳಿದಿದೆ.

ಒಳ್ಳೆಯ ಬೀಜ ಎಲ್ಲಿ? ಅಂಗಡಿಗಿಂತ ಮೊದಲು ಸಂಘಗಳಲ್ಲಿ ಹುಡುಕಬೇಕು. 1968ರಲ್ಲಿ ಹುಟ್ಟಿದ ಅಮೆರಿಕನ್ ಹಾಸ್ಟಾ ಸೊಸೈಟಿಯ ಜೊತೆಗೆ ಹಲವು ರಾಜ್ಯಗಳಲ್ಲಿ ಸ್ಥಳೀಯ ಹಾಸ್ಟಾ ಸಂಘಗಳಿವೆ. ಅಲ್ಲಿನ ಹವ್ಯಾಸಿ ತಳಿಗಾರರು ತಮ್ಮ ಕೈಯಾರೆ ಪರಾಗ ಮುಟ್ಟಿಸಿ, ತಂದೆತಾಯಿಗಳ ಹೆಸರು ಬರೆದಿಟ್ಟ ಬೀಜವನ್ನು ಶರತ್ಕಾಲದ ಕೊನೆಗೆ ಹಂಚುತ್ತಾರೆ ಇಲ್ಲವೇ ಮಾರುತ್ತಾರೆ. ನಾರ್ತ್ ಅಮೆರಿಕನ್ ರಾಕ್ ಗಾರ್ಡನ್ ಸೊಸೈಟಿ ಚಳಿಗಾಲದಲ್ಲಿ ನಡೆಸುವ ಬೀಜ ವಿನಿಮಯ, ಬ್ರಿಟನ್ನಿನಲ್ಲಿರುವ ಬಂಧುಗಳಿಗಾದರೆ ಹಾರ್ಡಿ ಪ್ಲಾಂಟ್ ಸೊಸೈಟಿಯ ವಿನಿಮಯ, ಇವೂ ನಂಬಲರ್ಹ. ಮೂಲಜಾತಿಗಳ ಬೀಜ ಬೇಕೆಂದರೆ ಜರ್ಮನಿಯ ಯೆಲಿಟ್ಟೊದಂಥ ಬಹುವಾರ್ಷಿಕ ಸಸ್ಯಬೀಜದ ವಿಶೇಷ ಸಂಸ್ಥೆಗಳುಂಟು.

ಯಾರಿಂದಲೇ ಕೊಳ್ಳಲಿ, ತಾಯಿಗಿಡ ಯಾವುದು, ಕಾಯಿ ಬಿಡಿಸಿದ್ದು ಯಾವಾಗ, ಅಂದಿನಿಂದ ಬೀಜ ಇದ್ದದ್ದು ಎಲ್ಲಿ ಎಂದು ಕೇಳಬೇಕು. ಉತ್ತರ ತಡವರಿಸಿದರೆ ಮುಂದಕ್ಕೆ ಹೋಗಬೇಕು. ಮೂರನೆಯದು ಕ್ಷುಲ್ಲಕ ಪ್ರಶ್ನೆಯಲ್ಲ. ಹಾಸ್ಟಾ ಬೀಜ ಬೆಚ್ಚಗಿನ ಕೋಣೆಯಲ್ಲಿ ಬೇಗ ಮೊಳಕೆಶಕ್ತಿ ಕಳೆದುಕೊಳ್ಳುತ್ತದೆ. ಒಣಗಿಸಿ ಫ್ರಿಜ್ಜಿನಲ್ಲಿಟ್ಟರೆ ಬಾಳುತ್ತದೆ. ಒಳ್ಳೆಯ ಬೀಜ ಕಪ್ಪಗಿದ್ದು, ಕಾಗದದಂಥ ತೆಳುರೆಕ್ಕೆಯ ಒಂದು ತುದಿಯಲ್ಲಿ ಉಬ್ಬಿರುತ್ತದೆ. ಬಿಳಿಚಿದ್ದೋ ಚಪ್ಪಟೆಯಾದದ್ದೋ ಜೊಳ್ಳು. ಬಿತ್ತುವ ಮುನ್ನ ಶೀತೋಪಚಾರ ಬೇಕೇಬೇಕೆಂಬುದು ತಪ್ಪು ತಿಳಿವಳಿಕೆ. ಸುಮಾರು 21ರಿಂದ 25 ಡಿಗ್ರಿ ಸೆಲ್ಸಿಯಸ್ ಬೆಚ್ಚನೆಯ ತೇವದಲ್ಲಿ ಒಂದರಿಂದ ಮೂರು ವಾರಗಳೊಳಗೆ ಮೊಳೆಯುತ್ತದೆ.

ರೋಗದ ಮಾತನ್ನು ಬಿಡುವಂತಿಲ್ಲ. 1996ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಗುರುತಿಸಲಾದ ಹಾಸ್ಟಾ ವೈರಸ್ ಎಕ್ಸ್‌ಗೆ ಮದ್ದಿಲ್ಲ. ಎಲೆನರಗಳ ಗುಂಟ ಶಾಯಿ ಹರಡಿದಂಥ ಕಲೆ ಅದರ ಲಕ್ಷಣ. ಆದರೆ ಸೋಂಕು ತಗುಲಿ ವರ್ಷಗಳಾದರೂ ಗಿಡ ಆರೋಗ್ಯವಾಗಿಯೇ ಕಾಣಬಹುದು. ರಸ ಅಂಟಿದ ಚಾಕು, ಕತ್ತರಿ, ಕೈಗಳಿಂದ ಅದು ಹರಡುತ್ತದೆ. ಬೀಜದ ಗಿಡವಾದರೆ ಭಯವೇ ಇಲ್ಲವೆಂಬ ಭರವಸೆಯನ್ನು ಕೆಲವರು ಕೊಡುತ್ತಾರೆ. ಬೀಜದ ಮೂಲಕವೂ ದಾಟಬಲ್ಲದೆಂಬ ಸಂಶೋಧನಾ ವರದಿ ಇರುವಾಗ ಆ ಭರವಸೆ ಸಲ್ಲದು. ಕಲೆಯಿದ್ದ ಗಿಡದಿಂದ ಬೀಜ ಬಿಡಿಸಬಾರದು, ಅದನ್ನು ಬೇರುಸಹಿತ ಕಿತ್ತು ಚೀಲ ಕಟ್ಟಿ ಕಸಕ್ಕೆ ಹಾಕಬೇಕು. ಮರುಕ ಬೇಡ.

ಹೆಸರಿಲ್ಲದ ಬೀಜವನ್ನು ನಾವು ಇಷ್ಟು ವಿರೋಧಿಸುವುದಕ್ಕೆ ಇನ್ನೊಂದು ಕಾರಣ ಅಡುಗೆಮನೆಯದು. ಜಪಾನಿನಲ್ಲಿ ಕೆಲವು ಹಾಸ್ಟಾಗಳ ಎಳೆಮೊಳಕೆಯನ್ನು ಉರುಯಿ ಎಂದು ಪಲ್ಯದಂತೆ ತಿನ್ನುತ್ತಾರೆ. ಇದನ್ನೋದಿ ಇಲ್ಲಿಯೂ ಪ್ರಯೋಗಕ್ಕಿಳಿಯುವವರುಂಟು. ಅದೇ ಜಪಾನಿನಲ್ಲಿ ವೆರಾಟ್ರಮ್ ಎಂಬ ವಿಷಸಸ್ಯದ ಮೊಳಕೆಯನ್ನು ಹಾಸ್ಟಾ ಎಂದು ತಿಂದು ಆಸ್ಪತ್ರೆ ಸೇರುವ ಪ್ರಕರಣಗಳು ಮತ್ತೆ ಮತ್ತೆ ವರದಿಯಾಗುತ್ತವೆ. ವಾಂತಿ, ರಕ್ತದೊತ್ತಡ ಕುಸಿತ, ಹೃದಯಬಡಿತ ನಿಧಾನವಾಗುವುದು ಆ ವಿಷದ ಪರಿಣಾಮ. ನಮ್ಮ ನೆರಳಿನ ತೋಟಗಳಲ್ಲಿ ಸಾಮಾನ್ಯವಾದ ಲಿಲಿ ಆಫ್ ದ ವ್ಯಾಲಿಯ ಎಲೆಯೂ ಎಳೆಯದಾಗಿದ್ದಾಗ ಹಾಸ್ಟಾವನ್ನು ಹೋಲುತ್ತದೆ, ಮತ್ತು ಅದರಲ್ಲಿರುವುದು ಹೃದಯಕ್ಕೆ ತಟ್ಟುವ ವಿಷ. ಗುರುತಿಲ್ಲದ ಪೊಟ್ಟಣದಿಂದ ಎದ್ದ ಗಿಡವನ್ನು ಯಾರೂ ಬಾಣಲೆಗೆ ಹಾಕಬಾರದು. ನಾಯಿ, ಬೆಕ್ಕು ಸಾಕಿದವರಿಗೆ ಇನ್ನೊಂದು ಮಾತು: ನಿಜವಾದ ಹಾಸ್ಟಾವೂ ಅವುಗಳಿಗೆ ಒಗ್ಗದು, ಮೆದ್ದರೆ ವಾಂತಿ ಭೇದಿಯಾಗುತ್ತದೆ.

ಬೆಂಗಳೂರಿಗೆ ಹೊರಟ ಅಪ್ಪ ಅಮ್ಮಂದಿರ ಸೂಟ್‌ಕೇಸಿನಲ್ಲಿ ಒಂದು ಹಿಡಿ ಬೀಜ ಇಟ್ಟು ಕಳಿಸುವ ಆಸೆ ಕೆಲವರಿಗಿದೆ. ಬೇಡ. ಸಸ್ಯಾರೋಗ್ಯ ಪ್ರಮಾಣಪತ್ರವಿಲ್ಲದೆ ಬೀಜ ಗಡಿ ದಾಟುವುದು ಎರಡೂ ದೇಶಗಳಲ್ಲಿ ತೊಡಕಿನ ವಿಷಯ. ಕಾನೂನನ್ನು ಬದಿಗಿಟ್ಟರೂ, ವಾರಗಟ್ಟಲೆ ಕೊರೆವ ಚಳಿಯ ನಿದ್ದೆ ಸಿಗದ ಹಾಸ್ಟಾ ವರ್ಷದಿಂದ ವರ್ಷಕ್ಕೆ ಸೊರಗುತ್ತದೆ. ಬೆಂಗಳೂರಿನ ಚಳಿ ಅದಕ್ಕೆ ಸಾಲದು.

ಕೊನೆಯದಾಗಿ ನಮ್ಮ ಸಂಘದ ಕಾರ್ಯಕಾರಿ ಸಮಿತಿಗೆ ಒಂದು ಸೂಚನೆ. ಹೂ ಬಿದ್ದ ಎರಡು ತಿಂಗಳಿಗೆ, ಅಂದರೆ ಸೆಪ್ಟೆಂಬರ್ ಅಕ್ಟೋಬರ್ ಹೊತ್ತಿಗೆ, ಕಾಯಿ ಹಳದಿಗಟ್ಟಿ ಬಿರಿಯತೊಡಗುತ್ತದೆ. ರಾಜ್ಯೋತ್ಸವದ ಸಭೆ ನವೆಂಬರಿನಲ್ಲಿ. ಸಭಾಂಗಣದ ಬಾಗಿಲ ಬಳಿ ಒಂದು ಮೇಜು ಹಾಕಿಸಿದರೆ ಸಾಕು, ಹಾಸ್ಟಾ ಮಾತ್ರವಲ್ಲ, ಇಲ್ಲಿಯೇ ಬೆಳೆದ ಅವರೆ, ಹೀರೆಗಳ ಬೀಜವೂ ಅಲ್ಲಿಗೆ ಬಂದಾವು. ನಿಯಮ ಒಂದೇ ಇರಲಿ: ಪ್ಲಾಸ್ಟಿಕ್ಕಿನಲ್ಲಿ ಬೂಸು ಹಿಡಿಯುವುದರಿಂದ ಕಾಗದದ ಲಕೋಟೆ, ಅದರ ಮೇಲೆ ತಾಯಿಗಿಡದ ಹೆಸರು, ಬಿಡಿಸಿದ ತಿಂಗಳು, ಕೊಟ್ಟವರ ಹೆಸರು. ಇವಿಲ್ಲದ ಲಕೋಟೆಯನ್ನು ತಂದವರು ಯಾರೇ ಆಗಿರಲಿ, ಮೇಜಿನ ಮೇಲಿಡದೆ ಹಿಂದಿರುಗಿಸೋಣ. ಈ ವರ್ಷ ಮೇಜು ನೋಡಿಕೊಳ್ಳುವ ಕೆಲಸವನ್ನು ನಾವು ವಹಿಸಿಕೊಳ್ಳಲು ಸಿದ್ಧರಿದ್ದೇವೆ.