ಪಗಾರ ಎಷ್ಟು ಅಲ್ಲ, ಉಳಿಯೋದು ಎಷ್ಟು?

ಪ್ಲೇಸ್‌ಮೆಂಟ್ ಸೀಸನ್ ಬಂದ್ರ ನಮ್ಮ ಬಾಯಾಗ ಒಂದ ಮಾತು: ಪ್ಯಾಕೇಜ್ ಎಷ್ಟು? ನರ್ಸಿಂಗ್ ಮುಗಿಸಿದ ಅಕ್ಕ-ತಂಗಿಯರಿಗೂ ಅದನ್ನೇ ಕೇಳುತ್ತೇವೆ. ಬೆಂಗಳೂರಾಗ ಐದು ಸಾವಿರ ಜಾಸ್ತಿ ಅಂದ ಕೂಡಲೇ 'ಹೋಗಿಬಿಡು' ಅಂತೀವಿ. ಲೆಕ್ಕ ಮಾತ್ರ ಮಾಡುವುದಿಲ್ಲ.

ಧಾರವಾಡದಾಗ ಮನಿ ಇದ್ದಾಕಿ ಚಿಗರಿ ಬಸ್ ಹತ್ತಿ ಹುಬ್ಬಳ್ಳಿ ಡ್ಯೂಟಿಗೆ ಹೋಗಿ ಬರಬಹುದು. ಬುತ್ತಿ ಮನೀದು, ಬಾಡಿಗಿ ಇಲ್ಲ. ಬೆಂಗಳೂರಿನಲ್ಲಿ ಪಿ.ಜಿ. ಬಾಡಿಗೆ, ಡಿಪಾಸಿಟ್, ನೈಟ್ ಡ್ಯೂಟಿ ಮುಗಿಸಿ ಹಗಲು ಮಲಗಲು ಗದ್ದಲವಿಲ್ಲದ ಕೋಣೆ, ಹಬ್ಬಕ್ಕೆ ಊರಿಗೆ ಬರುವ ಖರ್ಚು. ಆ ಐದು ಸಾವಿರ ಇಲ್ಲೇ ಮುಗೀತು.

ಹಂಗಂತ 'ಊರು ಅಗ್ಗ, ಪಗಾರ ಕಡಿಮೆ ಸಾಕು' ಅನ್ನೋ ನೆಪವನ್ನೂ ನಾವು ಒಪ್ಪುವುದಿಲ್ಲ. ಸುಪ್ರೀಂ ಕೋರ್ಟಿನ 2016ರ ಆದೇಶದಂತೆ ರಚನೆಯಾದ ಕೇಂದ್ರದ ಸಮಿತಿ, 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್ ಸಂಬಳ 20,000 ರೂಪಾಯಿಗಿಂತ ಕೆಳಗಿರಬಾರದು, 200ಕ್ಕಿಂತ ಹೆಚ್ಚು ಹಾಸಿಗೆಯಿದ್ದರೆ ರಾಜ್ಯದ ಸರ್ಕಾರಿ ನರ್ಸ್‌ಗೆ ಸಮನಾಗಿರಬೇಕು ಎಂದು ಶಿಫಾರಸು ಮಾಡಿತು. ಅಳತೆ ಹಾಸಿಗೆಯದು, ಊರಿನದಲ್ಲ. ಆದರೆ ಅದು ಬರೀ ಶಿಫಾರಸು. ಹುಬ್ಬಳ್ಳಿಯಲ್ಲೇ ಸರಿಯಾದ ಪಗಾರ ಸಿಕ್ಕರೆ ಎಷ್ಟೋ ಮಂದಿ ಊರು ಬಿಡೋದಿಲ್ಲ.

ಹೋಗಬ್ಯಾಡ ಅಂತ ನಾವು ಹೇಳೋದಿಲ್ಲ. ದೊಡ್ಡ ಆಸ್ಪತ್ರೆಯ ಐಸಿಯು ಅನುಭವಕ್ಕೂ ಬೆಲೆ ಐತಿ. ಆದ್ರ ಹೂಂ ಅನ್ನೋ ಮೊದಲು ಕೇಳಲಿ: ಕಡಿತ ಹೋಗಿ ಕೈಗೆ ಎಷ್ಟು? ಹಾಸ್ಟೆಲ್ ಕೊಡ್ತೀರಿ? ರಾತ್ರಿ ಡ್ಯೂಟಿಗೆ ಗಾಡಿ ಐತಿ? ಬಾಂಡ್ ಬರಸ್ಕೋತೀರಿ?

ಎಕ್ಸೆಲ್ ಶೀಟ್ ಮಾಡೋದು ನಮಗ ಬರ್ತೈತಿ. ಈ ಸಲ ಊರಿಗೆ ಹೋದಾಗ ಅಕ್ಕನ ಜೋಡಿ ಕುಂತು ಒಂದು ಮಾಡೋಣ.