ಗ್ಯಾಸ್ ಕಮ್ಮಿ ಆಗಿದೆ ಎಂದರೆ ಎಲ್ಲಿಂದ ಹೋಯಿತು ಎಂದು ಕೇಳೋಣ

ಮಾರ್ಚ್ ಬಂತೆಂದರೆ ಕಲಬುರಗಿ, ರಾಯಚೂರು, ಬಳ್ಳಾರಿ ಕಡೆ ಎ.ಸಿ. ಮೆಕ್ಯಾನಿಕ್‌ಗಳಿಗೆ ಪುರುಸೊತ್ತಿಲ್ಲ. ಕಂತಿನ ಮೇಲೆ ಕೊಂಡ ಎ.ಸಿ. ಈಗ ಮೇಷ್ಟ್ರ ಮನೆಯಲ್ಲೂ ಇದೆ, ಕಿರಾಣಿ ಅಂಗಡಿಯವರ ಮನೆಯಲ್ಲೂ ಇದೆ. ತಂಪು ಕಡಿಮೆಯಾಯಿತೆಂದು ಕರೆದರೆ ಹೆಚ್ಚಾಗಿ ಸಿಗುವ ಉತ್ತರ ಒಂದೇ: 'ಗ್ಯಾಸ್ ಕಮ್ಮಿ ಆಗೇದ್ರಿ, ತುಂಬಿಸಬೇಕು.' ದುಡ್ಡು ಕೊಟ್ಟು ತುಂಬಿಸುತ್ತೇವೆ. ಮುಂದಿನ ಬೇಸಿಗೆಗೆ ಮತ್ತೆ ಅದೇ ಮಾತು. ಈ ರೂಢಿ ನಿಲ್ಲಬೇಕು ಎಂಬುದು ನಮ್ಮ ವಾದ.

ಎ.ಸಿ. ಗ್ಯಾಸ್ ಅಡುಗೆ ಸಿಲಿಂಡರಿನ ಗ್ಯಾಸಿನಂತೆ ಉರಿದು ಮುಗಿಯುವುದಲ್ಲ. ಮುಚ್ಚಿದ ಕೊಳವೆಯೊಳಗೆ ಸುತ್ತುತ್ತಾ ಒಳಗಿನ ಬಿಸಿಯನ್ನು ಹೊರಗೆ ಸಾಗಿಸುತ್ತದೆ, ಅಷ್ಟೆ. ಚಳಿ ದೇಶಗಳ ಮನೆ ಬೆಚ್ಚಗಿಡುವ ಹೀಟ್ ಪಂಪ್ ಇದನ್ನೇ ತಿರುಗಿಸಿ ಮಾಡುತ್ತದೆ. ಆದ್ದರಿಂದ ಗ್ಯಾಸ್ ಕಮ್ಮಿಯಾಗಿದೆ ಎಂದರೆ, ಮೊದಲೇ ಸರಿಯಾಗಿ ತುಂಬಿರಲಿಲ್ಲ ಅಥವಾ ಎಲ್ಲೋ ಲೀಕ್ ಇದೆ ಎಂದರ್ಥ. ಲೀಕ್ ಮುಚ್ಚದೆ ಗ್ಯಾಸ್ ತುಂಬುವುದು ತೂತು ಕೊಡಕ್ಕೆ ನೀರು ಹೊಯ್ದಂತೆ.

ಮೆಕ್ಯಾನಿಕ್‌ನನ್ನು ಕರೆಯುವ ಮೊದಲು ನಾವೇ ನೋಡಬಹುದಾದದ್ದಿದೆ. ಫಿಲ್ಟರ್ ತೊಳೆದಿದೆಯೇ? ಹೊರಗಿನ ಯೂನಿಟ್ಟಿಗೆ ಧೂಳು ಕಟ್ಟಿದೆಯೇ, ಅದರ ಫ್ಯಾನ್ ತಿರುಗುತ್ತಿದೆಯೇ? ಕೊಳವೆಯ ಮೇಲೆ ಮಂಜುಗಡ್ಡೆ ಕಟ್ಟಿದರೆ ಗ್ಯಾಸ್ ಕಮ್ಮಿ ಇರಬಹುದು, ಫಿಲ್ಟರ್ ಕಟ್ಟಿಕೊಂಡರೂ ಹಾಗೆಯೇ ಆಗುತ್ತದೆ. ಕೊಳವೆಯ ಜೋಡಣೆಯ ಬಳಿ ಎಣ್ಣೆ ಜಿಡ್ಡು ಕಂಡರೆ ಮಾತ್ರ ಲೀಕಿನ ಅನುಮಾನ ಗಟ್ಟಿಯಾಗುತ್ತದೆ. ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳುತ್ತದೆ.

ಮೆಕ್ಯಾನಿಕ್ ಗೇಜ್ ಜೋಡಿಸಿ ಮುಳ್ಳು ತೋರಿಸಿದರೆ ಅಷ್ಟಕ್ಕೇ ಒಪ್ಪಬೇಡಿ. ಹೊರಗಿನ ಬಿಸಿಲು, ಗ್ಯಾಸಿನ ಜಾತಿ ನೋಡಿ ಒತ್ತಡ ಬದಲಾಗುತ್ತದೆ. ಖಚಿತವಾದ ಲೆಕ್ಕ ತೂಕದ್ದು. ಹೊರಗಿನ ಯೂನಿಟ್ಟಿನ ಪಟ್ಟಿಯ ಮೇಲೆ ಗ್ಯಾಸಿನ ಹೆಸರು, ಅದರ ತೂಕ ಬರೆದಿರುತ್ತದೆ. ಲೀಕ್ ಮುಚ್ಚಿ, ನೈಟ್ರೋಜನ್ ತುಂಬಿ ಪರೀಕ್ಷಿಸಿ, ವ್ಯಾಕ್ಯೂಮ್ ಪಂಪಿನಿಂದ ಗಾಳಿ ಎಳೆದು, ತಕ್ಕಡಿಯ ಮೇಲೆ ಸಿಲಿಂಡರ್ ಇಟ್ಟು ಅಷ್ಟೇ ತೂಕ ತುಂಬುವುದು ಸರಿಯಾದ ಕ್ರಮ. ಅಂದಾಜಿನ ಮೇಲೆ ಹೆಚ್ಚು ತುಂಬಿದರೂ ಕಂಪ್ರೆಸರ್‌ಗೆ ಕೇಡು, ಕರೆಂಟ್ ಬಿಲ್ಲಿಗೂ ಹೊರೆ. ಚೆನ್ನಾಗಿ ತಂಪು ಕೊಡುವ ಎ.ಸಿ.ಗೆ ವರ್ಷಕ್ಕೊಮ್ಮೆ ಗ್ಯಾಸ್ ಚೆಕ್ ಬೇಕಿಲ್ಲ. ಪೈಪ್ ಜೋಡಿಸಿ ಬಿಚ್ಚುವಾಗಲೂ ಸ್ವಲ್ಪ ಗ್ಯಾಸ್ ಹೋಗುತ್ತದೆ.

ಇದು ಬರೀ ಜೇಬಿನ ಮಾತಲ್ಲ. ಆರ್-32 ಬೆಂಕಿ ಹಿಡಿಯಬಲ್ಲದು, ಆರ್-290 ಎಂದರೆ ಪ್ರೊಪೇನ್. ಬೀಡಿ ಸೇದುತ್ತಾ ಮಾಡುವ ಕೆಲಸವಲ್ಲ. ಇನ್ನು 1 ಕೆ.ಜಿ. ಆರ್-32 ಗಾಳಿಗೆ ಹೋದರೆ ನೂರು ವರ್ಷದ ಲೆಕ್ಕದಲ್ಲಿ ಸುಮಾರು 675 ಕೆ.ಜಿ. ಇಂಗಾಲದ ಡೈಆಕ್ಸೈಡ್‌ಗೆ ಸಮ. ಆರ್-410ಎ ಆದರೆ 2,000 ಕೆ.ಜಿ. ದಾಟುತ್ತದೆ. ಇಂಥ ಗ್ಯಾಸ್ ಕಡಿಮೆ ಮಾಡುತ್ತೇವೆಂದು ಭಾರತ 2021ರಲ್ಲಿ ಕಿಗಾಲಿ ತಿದ್ದುಪಡಿಯನ್ನು ಅನುಮೋದಿಸಿದೆ. ದೆಹಲಿಯ ಆ ಮಾತು ಉಳಿಯಬೇಕಾದದ್ದು ನಮ್ಮ ಮಾಳಿಗೆಗಳ ಮೇಲೆ.

ಎಲ್ಲ ಮೆಕ್ಯಾನಿಕ್‌ಗಳೂ ಮೋಸಗಾರರೆಂದು ನಾವು ಹೇಳುತ್ತಿಲ್ಲ. ಬಹಳ ಹುಡುಗರು ಉಸ್ತಾದರ ಕೈಕೆಳಗೆ ನೋಡಿ ಕಲಿತವರು. ಪಂಪ್, ತಕ್ಕಡಿ ಕೊಳ್ಳಲು ದುಡ್ಡು ಬೇಕು. ಅರ್ಧ ದಿನದ ಕೆಲಸಕ್ಕೆ ಕೂಲಿ ಕೊಡಲು ನಾವೂ ಚೌಕಾಸಿ ಮಾಡುತ್ತೇವೆ. ಕೇಂದ್ರದ 2019ರ ಕೂಲಿಂಗ್ ಆಕ್ಷನ್ ಪ್ಲ್ಯಾನ್ 1 ಲಕ್ಷ ಮೆಕ್ಯಾನಿಕ್‌ಗಳಿಗೆ ತರಬೇತಿ, ಪ್ರಮಾಣಪತ್ರದ ಗುರಿ ಇಟ್ಟಿತ್ತು. ಆ ತರಬೇತಿ ತಾಲ್ಲೂಕಿನ ಐ.ಟಿ.ಐ.ಗೆ, ಬೇಸಿಗೆಗೆ ಮೊದಲೇ ಬರಬೇಕು.

ಅಲ್ಲಿಯವರೆಗೆ ಒಂದು ಕೆಲಸ ನಮ್ಮ ಕೈಯಲ್ಲಿದೆ. ಬಿಲ್ಲಿನಲ್ಲಿ ಮೂರು ಸಂಗತಿ ಬರೆಸಿಕೊಳ್ಳೋಣ: ಲೀಕ್ ಎಲ್ಲಿತ್ತು, ಯಾವ ಗ್ಯಾಸ್, ಎಷ್ಟು ಗ್ರಾಂ. ಇದನ್ನು ಬರೆದು ಕೊಡುವವನಿಗೆ ನೂರಿನ್ನೂರು ಹೆಚ್ಚು ಕೊಟ್ಟರೂ ನಷ್ಟವಿಲ್ಲ.