ಗೇಜು ಹಾಕದೆ ಪಂಪಿಗೆ ಕೈ ಹಾಕಬೇಡಿ

ಟ್ರ್ಯಾಕ್ಟರಿನ ಲೋಡರ್ ಬಕೆಟ್ ಏಳದಿದ್ದರೆ ನಮ್ಮ ಕಡೆ ಮೊದಲು ಕೇಳಿಬರುವ ಮಾತು ಒಂದೇ: "ಪಂಪು ಹೋಗಿದೆ, ಹೊಸದು ಹಾಕ್ಸಿಬಿಡಿ." ಅಳತೆ ಮಾಡದೆ ಹೇಳಿದ ಈ ಮಾತನ್ನು ರೈತ ಒಪ್ಪಬಾರದು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಚನ್ನಪಟ್ಟಣದ ಸುತ್ತಮುತ್ತ ಲೋಡರಿಗೆ ಬಿಡುವಿಲ್ಲದ ಕೆಲಸ ಬೇಸಿಗೆಯಲ್ಲಿ. ಕೆರೆಗೋಡು ಹೊಡೆಯೋದು, ತಿಪ್ಪೆ ಗೊಬ್ಬರವನ್ನು ರಾಗಿ ಹೊಲಕ್ಕೆ, ಹಿಪ್ಪುನೇರಳೆಗೆ, ತೆಂಗಿನ ಬುಡಕ್ಕೆ ಸಾಗಿಸೋದು ಎಲ್ಲ ಮಳೆ ಹಿಡಿಯುವ ಮುಂಚೆ ಮುಗಿಯಬೇಕು. ಆಗಲೇ ಹೈಡ್ರಾಲಿಕ್ ಕೈಕೊಟ್ಟರೆ ರೈತನಿಗೆ ಯೋಚಿಸಲು ಪುರುಸೊತ್ತಿಲ್ಲ. ಸಾಲ ಮಾಡಿಯಾದರೂ ಪಂಪು ತರುತ್ತಾನೆ. ಅದನ್ನು ಹಾಕಿದ ಮೇಲೂ ಬಕೆಟ್ ಏಳದಿದ್ದರೆ? ಬಿಚ್ಚಿ ಜೋಡಿಸಿದ ಪಂಪನ್ನು ಅಂಗಡಿಯವನು ವಾಪಸು ತಗೊಳ್ಳೋಲ್ಲ. ಕೊನೆಗೆ ‘ಈ ಗಾಡಿ ಸಹವಾಸವೇ ಬೇಡ’ ಅಂತ ಒಳ್ಳೇ ಎಂಜಿನ್ ಇರುವ ಟ್ರ್ಯಾಕ್ಟರನ್ನೇ ಸಿಕ್ಕಿದ ಬೆಲೆಗೆ ಮಾರಿದವರನ್ನು ನಾನು ಕಂಡಿದ್ದೇನೆ.

ನಮ್ಮದು 35 ಅಶ್ವಶಕ್ತಿಯ ಹಳೇ ಗಾಡಿ. ಒಂದು ಬೇಸಿಗೆಯಲ್ಲಿ, ಗಂಟೆಹೊತ್ತು ಕೆಲಸ ಮಾಡಿ ಬಿಸಿಯಾದ ಮೇಲೆ ಬಕೆಟ್ ಅರ್ಧಕ್ಕೇ ನಿಲ್ಲತೊಡಗಿತು. ಜೊತೆಗೆ ಕುಯ್ಯೋ ಅನ್ನುವ ಸದ್ದು. ಒಂದು ಗ್ಯಾರೇಜಿನವರು ಸದ್ದು ಕೇಳಿಯೇ ಪಂಪು ಬದಲಿಸಿ ಅಂದರು. ನಾನು ಒಪ್ಪಲಿಲ್ಲ. ಇನ್ನೊಬ್ಬ ಮೇಸ್ತ್ರಿ ಮೊದಲು ಎಣ್ಣೆ ಟ್ಯಾಂಕಿನ ಮುಚ್ಚಳ ತೆಗೆದರು. ಒಳಗೆ ನೊರೆಯೋ ನೊರೆ. ಟ್ಯಾಂಕಿನಿಂದ ಪಂಪಿಗೆ ಎಣ್ಣೆ ಎಳೆಯುವ ಹೋಸು ಒಳಪದರ ಬಿಟ್ಟಿತ್ತು, ಕ್ಲಾಂಪು ಸಡಿಲವಾಗಿ ಗಾಳಿ ಎಳೆಯುತ್ತಿತ್ತು. ಹೋಸು, ಎರಡು ಕ್ಲಾಂಪು, ಜಾಲರಿ ತೊಳೆದದ್ದು - ಇಷ್ಟರಲ್ಲೇ ಕೆಲಸ ಮುಗಿಯಿತು. ಅದೇ ಪಂಪು ಈಗಲೂ ನಡೆಯುತ್ತಿದೆ.

ಪಂಪು ಕೆಡುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ಅದಕ್ಕೂ ಮುಂಚೆ ನೋಡಬೇಕಾದ್ದು ಬೇಕಷ್ಟಿದೆ. ಎಣ್ಣೆ ಮಟ್ಟ ಸರಿಯಿದೆಯೇ? ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ನೊರೆಯಾಗಿದ್ದರೆ ಗಾಳಿ ಸೇರಿದೆ. ಬಕೆಟ್ ಸರಿಯಾಗಿ ಏರಿ, ಲಿವರ್ ಬಿಟ್ಟ ಮೇಲೆ ತಾನೇ ಇಳಿಯುತ್ತದೆಯೇ? ಗೇರ್ ಪಂಪಿನ ಲೋಡರಿನಲ್ಲಿ ಆ ದೋಷ ಸಾಮಾನ್ಯವಾಗಿ ಜಾಕಿಯ ಸೀಲಿನದು, ಇಲ್ಲವೇ ಲಿವರಿನ ವಾಲ್ವಿನದು. ಪಂಪು ಬದಲಿಸಿದರೆ ಅದು ಹೋಗೋಲ್ಲ. ತಣ್ಣಗಿದ್ದಾಗ ಚೆನ್ನಾಗಿ ಎತ್ತಿ, ಬಿಸಿಯಾದಾಗ ಸೋತರೆ ಪಂಪು ಸವೆದಿರಬಹುದು, ಯಾಕಂದರೆ ಬಿಸಿ ಎಣ್ಣೆ ತೆಳ್ಳಗಾಗಿ ಸವೆದ ಸಂದಿನಲ್ಲಿ ನುಸುಳುತ್ತದೆ. ಆದರೆ ನಮ್ಮ ಗಾಡಿಯಲ್ಲಿ ಇದೇ ಲಕ್ಷಣ ಹೋಸಿನಿಂದ ಬಂದಿತ್ತು. ಆದ್ದರಿಂದಲೇ ಗೇಜು ಬೇಕು.

ಗೇಜು ಪರೀಕ್ಷೆ ದೊಡ್ಡ ವಿದ್ಯೆಯಲ್ಲ. ಪಂಪಿನಿಂದ ವಾಲ್ವಿಗೆ ಹೋಗುವ ಲೈನಿನಲ್ಲಿ ಒತ್ತಡದ ಗೇಜು ಸೇರಿಸಿ, ಎಣ್ಣೆ ಬಿಸಿಯಾದ ಮೇಲೆ ಬಕೆಟನ್ನು ಪೂರ್ತಿ ಎತ್ತಿ, ರಿಲೀಫ್ ವಾಲ್ವ್ ತೆರೆಯುವಷ್ಟು ಹೊತ್ತು, ಎರಡು ಮೂರು ಸೆಕೆಂಡು, ಲಿವರ್ ಹಿಡಿಯಬೇಕು. ಎಷ್ಟು ಬರಬೇಕೆಂಬುದು ಗಾಡಿಯ ಕೈಪಿಡಿಯಲ್ಲಿ ಇರುತ್ತದೆ. ಅಷ್ಟು ಬಂದರೆ ಪಂಪಿನ ಒತ್ತಡ ಸರಿಯಿದೆ. ಕಡಿಮೆ ಬಂದರೆ ಮೊದಲು ರಿಲೀಫ್ ವಾಲ್ವ್ ಬಿಚ್ಚಿ ಕಸ ಸಿಕ್ಕಿದೆಯೇ, ಸ್ಪ್ರಿಂಗ್ ಸೋತಿದೆಯೇ ನೋಡಿ, ಆಮೇಲೆ ಪಂಪು. ‘ಇನ್ನೂ ಸ್ವಲ್ಪ ಎತ್ತಲಿ’ ಅಂತ ರಿಲೀಫ್ ವಾಲ್ವ್ ಬಿಗಿಸುವುದು ಮಾತ್ರ ಬೇಡ. ಹೋಸು ಸಿಡಿಯುತ್ತದೆ. ಸೋರಿಕೆಯನ್ನು ಕೈಯಿಂದ ಹುಡುಕಲೂಬಾರದು. ಆ ಒತ್ತಡದ ಎಣ್ಣೆ ಚರ್ಮದೊಳಕ್ಕೆ ನುಗ್ಗಿ ಬೆರಳನ್ನೇ ಕಳೆಯಬಹುದು. ರಟ್ಟಿನ ತುಂಡು ಹಿಡಿದು ನೋಡಿ. ಎತ್ತಿದ ಬಕೆಟಿನ ಕೆಳಗೆ ಯಾರೂ ಹೋಗಬಾರದು.

ಪಂಪು ಬಿಚ್ಚಿದಾಗ ಮಾಲೀಕ ಎದುರಿಗಿರಬೇಕು. ಶಾಫ್ಟಿನ ಸೀಲು ಮಾತ್ರ ಹೋಗಿದ್ದರೆ ಸೀಲ್ ಕಿಟ್ ಸಾಕು. ಗೇರಿನ ಹಲ್ಲು ಒಳಗೋಡೆಯನ್ನು ಎಣ್ಣೆ ಎಳೆಯುವ ಪಕ್ಕದಲ್ಲಿ ಆಳವಾಗಿ ಕೆರೆದಿದ್ದರೆ ಸೀಲಿಗೆ ಸುರಿದ ದುಡ್ಡು ನೀರಿಗೆ ಹಾಕಿದ ಹಾಗೆ. ಆಗ ಹೊಸ ಪಂಪೇ ಸರಿ. ತಿರುಗುವ ದಿಕ್ಕು, ಶಾಫ್ಟು, ಸಿ.ಸಿ. ಮೂರೂ ಹಳೆಯದಕ್ಕೆ ಹೊಂದಬೇಕು. ದೊಡ್ಡ ಸಿ.ಸಿ. ಪಂಪು ಹಾಕಿದರೆ ಬಕೆಟ್ ಬೇಗ ಏಳುತ್ತದೆ, ಹೆಚ್ಚು ಭಾರ ಎತ್ತೋಲ್ಲ. ಹೊಸ ಪಂಪಿಗೆ ಹಳೇ ಕೊಳೆ ಎಣ್ಣೆ ಸುರಿಯಬೇಡಿ. ಟ್ಯಾಂಕು ತೊಳೆದು, ಫಿಲ್ಟರ್ ಬದಲಿಸಿ, ಪಂಪಿಗೆ ಎಣ್ಣೆ ತುಂಬಿ ಆಮೇಲೆ ಎಂಜಿನ್ ಶುರು ಮಾಡಿ.

ಲೋಡರ್ ಇಲ್ಲದವರಿಗೂ ಈ ಮಾತು ಸಲ್ಲುತ್ತದೆ. ಮ್ಯಾಸಿ 1035ರಂಥ ಗಾಡಿಗಳಲ್ಲಿ ಲಿಫ್ಟಿನ ಪಂಪು ಹಿಂದಿನ ಹೌಸಿಂಗಿನೊಳಗೆ ಎಣ್ಣೆಯಲ್ಲಿ ಮುಳುಗಿರುತ್ತದೆ, ಪಿ.ಟಿ.ಓ. ಶಾಫ್ಟಿನಿಂದ ತಿರುಗುತ್ತದೆ. ತೆಗೆಯಬೇಕಾದರೆ ಲಿಫ್ಟಿನ ಮುಚ್ಚಳ ಎತ್ತಬೇಕು, ಶಾಫ್ಟ್ ಎಳೆಯಬೇಕು. ಇಷ್ಟೆಲ್ಲ ಬಿಚ್ಚಿದ ಮೇಲೆ ‘ಪಂಪು ಚೆನ್ನಾಗೇ ಇದೆ’ ಅಂದರೆ ಕೂಲಿ ಕೊಡುವವರು ಯಾರು?

ಇದು ಒಬ್ಬ ಮೇಸ್ತ್ರಿಯ ತಪ್ಪಲ್ಲ. ಅವರಿಗೆ ಗೇಜು ಕೊಟ್ಟವರಿಲ್ಲ, ಕನ್ನಡದಲ್ಲಿ ರಿಪೇರಿ ಪುಸ್ತಕ ಕೊಟ್ಟವರಿಲ್ಲ. 1971ರಿಂದ ಟ್ರ್ಯಾಕ್ಟರ್ ಮಾಡುತ್ತಿದ್ದ ಎಚ್.ಎಂ.ಟಿ.ಯ ಆ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು. ಗಾಡಿಗಳು ಮಾತ್ರ ಹೊಲದಲ್ಲಿ ಉಳಿದವು. ಅಂಥವನ್ನು ಉಳಿಸಿಕೊಳ್ಳುವವರು ಊರಿನ ಮೇಸ್ತ್ರಿಗಳೇ. 2022ರಲ್ಲಿ ಕೇಂದ್ರ ಸರ್ಕಾರ ‘ರಿಪೇರಿ ಹಕ್ಕಿ’ನ ಬಗ್ಗೆ ಸಮಿತಿ ಮಾಡಿ, ಕೃಷಿ ಯಂತ್ರಗಳನ್ನೂ ಅದರಲ್ಲಿ ಸೇರಿಸಿತು. ಅಮೆರಿಕದ ಕೊಲೊರಾಡೊ ರಾಜ್ಯ 2023ರಲ್ಲಿ ಕೃಷಿ ಯಂತ್ರಗಳಿಗೆಂದೇ ಇಂಥ ಕಾನೂನು ಮಾಡಿತು. ಅಲ್ಲಿನ ದೊಡ್ಡ ರೈತರಿಗೆ ಬೇಕಾದ್ದು ನಮ್ಮ ಎರಡೆಕರೆಯವರಿಗೆ ಬೇಡವೇ?

2014ರಲ್ಲಿ ಶುರುವಾದ ಕೃಷಿ ಯಂತ್ರಧಾರೆ ಬಾಡಿಗೆಗೆ ಯಂತ್ರ ಕೊಡುತ್ತದೆ, ಒಳ್ಳೇದೇ. ಅದರ ಜೊತೆಗೆ ಹೋಬಳಿಗೊಂದು ಗೇಜು, ನಾಲ್ಕಾರು ಅಳತೆಯ ಅಡಾಪ್ಟರ್ ಇಡುವುದು ದೊಡ್ಡ ಖರ್ಚೇನಲ್ಲ. ಸರ್ಕಾರ ಇಡದಿದ್ದರೆ ಸಹಕಾರ ಸಂಘದಲ್ಲಿ, ಡೇರಿಯಲ್ಲಿ ಇಡೋಣ. ಹತ್ತು ಟ್ರ್ಯಾಕ್ಟರ್ ಇರುವ ಊರಿನವರು ಚಂದಾ ಹಾಕಿ ಕೊಂಡರೂ ತಲೆಗೆ ಬೀಳುವುದು ಚಿಲ್ಲರೆ ಕಾಸು. ಬಳಸುವುದನ್ನು ತಿಳಿದ ಮೇಸ್ತ್ರಿಯಿಂದ ಒಂದು ಮಧ್ಯಾಹ್ನ ಕಲಿತುಕೊಳ್ಳಬಹುದು. ಮರದ ತುಂಡನ್ನು ಲೇತಿಗೆ ಕೊಟ್ಟು ಗೊಂಬೆ ತೆಗೆಯುವ ಊರು ನಮ್ಮದು. ಕೈಚಳಕಕ್ಕೆ ಇಲ್ಲಿ ಬರವಿಲ್ಲ. ಬರ ಇರುವುದು ಅಳೆದು ನೋಡುವ ಅಭ್ಯಾಸಕ್ಕೆ.

ಮುಂದಿನ ಸಲ ಯಾರಾದರೂ ‘ಪಂಪು ಹೋಗಿದೆ’ ಅಂದರೆ ಒಂದೇ ಪ್ರಶ್ನೆ ಕೇಳಿ: "ಗೇಜಿನಲ್ಲಿ ಎಷ್ಟು ಬಂತಣ್ಣ?" ಉತ್ತರ ಬರುವವರೆಗೂ ದುಡ್ಡು ಜೇಬಿನಲ್ಲೇ ಇರಲಿ.